ಕೊಡಗಿನಲ್ಲಿ ಆಯುಷ್ಮಾನ್ ಕಾರ್ಡ್‌ಗೆ ಆಪರೇಷನ್ ಮಾಡುವ ಜನರಲ್ ಸರ್ಜನ್ ಎಲ್ಲಿದ್ದಾರೆ?

ಬಾಳೆಲೆ_ಹುಡುಗ:
ಅಮ್ಮನಿಗೆ 58 ವರ್ಷ. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಕಲ್ಲು ಅಂತ ಬಂದಿದೆ. ಆಪರೇಷನ್ ಬೇಕು, ಆದರೆ ಇವತ್ತೇ ನಾಳೆಯೇ ಅನ್ನುವ ಅವಸರವಿಲ್ಲ ಅಂದಿದ್ದಾರೆ. ಬಿಪಿಎಲ್ ಕಾರ್ಡ್ ಇದೆ, ಆಯುಷ್ಮಾನ್ ಕಾರ್ಡೂ ಮಾಡಿಸಿದೆ. ಗೋಣಿಕೊಪ್ಪ, ವಿರಾಜಪೇಟೆ ಕಡೆ ಈ ಕಾರ್ಡ್ ತೆಗೆದುಕೊಳ್ಳುವ ಸರ್ಜನ್ ಯಾರಿದ್ದಾರೆ? ಇಲ್ಲ ಸೀದಾ ಮೈಸೂರಿಗೇ ಹೋಗಬೇಕಾ?

ಡೆಸ್ಕ್_ಮಡಿಕೇರಿ:
ಮೊದಲು ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಯೋಜನೆಯಲ್ಲಿ ನೋಂದಣಿ ಆಗುವುದು ಆಸ್ಪತ್ರೆ, ಡಾಕ್ಟರ್ ಅಲ್ಲ. ಅದೇ ಸರ್ಜನ್ ಬೆಳಿಗ್ಗೆ ನೋಂದಾಯಿತ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿದರೆ ಕಾರ್ಡ್ ನಡೆಯುತ್ತದೆ. ಸಂಜೆ ಸ್ವಂತ ಕ್ಲಿನಿಕ್‌ನಲ್ಲಿ ನೋಡಿ ಬೇರೆ ನರ್ಸಿಂಗ್ ಹೋಮಿಗೆ ಬರಹೇಳಿದರೆ ನಡೆಯುವುದಿಲ್ಲ. ಆಸ್ಪತ್ರೆ ಪಟ್ಟಿಯಲ್ಲಿದ್ದರೂ ಸಾಲದು, ಅಲ್ಲಿಯ ಜನರಲ್ ಸರ್ಜರಿ ವಿಭಾಗವೂ ನೋಂದಣಿಯಾಗಿರಬೇಕು. ಹೃದಯಕ್ಕೆ ಅಥವಾ ಕಣ್ಣಿಗೆ ಮಾತ್ರ ಸೇರಿದ ಆಸ್ಪತ್ರೆಗಳಿವೆ. ಗೇಟಿನ ಮುಂದೆ ದೊಡ್ಡ ಆಯುಷ್ಮಾನ್ ಬೋರ್ಡ್ ನೋಡಿ ಒಳಗೆ ಹೋದವರು ಅಲ್ಲೇ ಎಡವುವುದು.

ಪಿಎಂಜೆಎವೈ, ಅಂದರೆ ಆಯುಷ್ಮಾನ್ ಯೋಜನೆಯ ಜಾಲತಾಣದಲ್ಲಿ ಆಸ್ಪತ್ರೆ ಹುಡುಕುವ ಪುಟವಿದೆ. ರಾಜ್ಯ ಕರ್ನಾಟಕ, ಜಿಲ್ಲೆ ಕೊಡಗು, ಸ್ಪೆಷಾಲಿಟಿ ಜನರಲ್ ಸರ್ಜರಿ ಅಂತ ಆರಿಸಿ. ಆಮೇಲೆ ಜಿಲ್ಲೆಯನ್ನು ಮೈಸೂರು ಮಾಡಿ, ಮತ್ತೆ ದಕ್ಷಿಣ ಕನ್ನಡ ಮಾಡಿ. ಮೂರೂ ಪಟ್ಟಿ ಕೈಯಲ್ಲಿರಲಿ. ಸ್ಪೆಷಾಲಿಟಿ ಜಾಗ ಖಾಲಿ ಬಿಟ್ಟರೆ ಜಿಲ್ಲೆಯ ಎಲ್ಲಾ ಆಸ್ಪತ್ರೆ ಬಂದು ಕೂರುತ್ತವೆ, ಆ ಪಟ್ಟಿಯಿಂದ ನಿಮಗೇನೂ ತಿಳಿಯುವುದಿಲ್ಲ. ಪಟ್ಟಿ ಕೆಲವೊಮ್ಮೆ ಹಳತಾಗಿರುತ್ತದೆ. ಹಾಗಾಗಿ ಹೊರಡುವ ಮೊದಲು 14555 ಅಥವಾ 104ಕ್ಕೆ ಫೋನ್ ಮಾಡಿ "ಇಂಥ ಆಸ್ಪತ್ರೆ, ಇಂಥ ಆಪರೇಷನ್, ಈಗ ಚಾಲ್ತಿಯಲ್ಲಿದೆಯಾ" ಅಂತ ಕೇಳಿ. "ಕಾರ್ಡ್ ನಡೆಯುತ್ತದಾ" ಅಂತಷ್ಟೇ ಕೇಳಿದರೆ ಎಲ್ಲರೂ ಹೌದು ಅಂತಾರೆ.

ಪಾಲಿಬೆಟ್ಟ_ಅಕ್ಕ:
ಇಷ್ಟೆಲ್ಲಾ ಯಾಕೆ, ಮೈಸೂರಿನ ಒಳ್ಳೆಯ ಖಾಸಗಿ ಆಸ್ಪತ್ರೆಗೆ ಹೋಗಿ ದುಡ್ಡು ಕಟ್ಟಿ ಮಾಡಿಸಿಕೊಂಡು, ಬಿಲ್ ತಂದು ಇಲ್ಲಿ ಕೊಟ್ಟರೆ ವಾಪಸ್ ಬರುವುದಿಲ್ಲವಾ?

ಡೆಸ್ಕ್_ಮಡಿಕೇರಿ:
ಬರುವುದಿಲ್ಲ ಅಕ್ಕ. ಈ ಯೋಜನೆಯಲ್ಲಿ ಬಿಲ್ ತೋರಿಸಿ ಹಣ ಪಡೆಯುವ ದಾರಿಯೇ ಇಲ್ಲ. ದಾಖಲಾದ ಆಸ್ಪತ್ರೆಯೇ ಆನ್‌ಲೈನ್‌ನಲ್ಲಿ ಪ್ರೀ-ಆಥ್ (ಮುಂಚಿತ ಒಪ್ಪಿಗೆಯ ಅರ್ಜಿ) ಹಾಕಿ, ಮಂಜೂರಾದ ಮೇಲೆ ಆಪರೇಷನ್ ಮಾಡಿ, ಹಣವನ್ನು ಯೋಜನೆ ನಡೆಸುವ ಸರ್ಕಾರದ ಟ್ರಸ್ಟ್‌ನಿಂದ ತಾನೇ ಪಡೆದುಕೊಳ್ಳುತ್ತದೆ. ಮುಖ್ಯಮಂತ್ರಿ ಪರಿಹಾರ ನಿಧಿ ಬೇರೆ ವಿಷಯ, ಅದು ಅರ್ಜಿ ಹಾಕಿ ಕಾಯುವಂಥದ್ದು. ಕೊಟ್ಟರೆ ಕೊಟ್ಟರು, ಹಕ್ಕು ಅಂತ ಕೇಳುವಂತಿಲ್ಲ.

ರೆಫರಲ್, ಅಂದರೆ ಬೇರೆ ಆಸ್ಪತ್ರೆಗೆ ಬರೆದುಕೊಡುವ ಪತ್ರದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ರಾಜ್ಯದ ಯೋಜನೆ ಆರೋಗ್ಯ ಕರ್ನಾಟಕ ಶುರುವಾದದ್ದು 2018ರ ಮಾರ್ಚ್‌ನಲ್ಲಿ, ಅದೇ ವರ್ಷ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್ ಜೊತೆ ಸೇರಿತು. ಆಗ ಚಿಕಿತ್ಸೆಗಳನ್ನು ಗುಂಪು ಮಾಡಿ ಹಾಕಿದರು. ಸಾಧಾರಣ ದ್ವಿತೀಯ ಹಂತದವು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಅದಕ್ಕಿಂತ ಕ್ಲಿಷ್ಟವಾದವು ಸರ್ಕಾರಿಯಲ್ಲಿ ಆಗದಿದ್ದರೆ ಅಲ್ಲಿಂದ ರೆಫರಲ್ ಪಡೆದು ಖಾಸಗಿಗೆ. ತುರ್ತು ಪಟ್ಟಿಗೆ, ಅಂದರೆ 4ಎ ಅನ್ನುವುದಕ್ಕೆ, ರೆಫರಲ್ ಬೇಡ. ಜನರಲ್ ಸರ್ಜರಿಯ ದಿನನಿತ್ಯದ ಕೆಲಸ ಹೆಚ್ಚಿನದು ಮೊದಲ ಎರಡು ಗುಂಪಿನದು. ಆದ್ದರಿಂದ ಕೊಡಗಿನವರು ಹುಡುಕಾಟವನ್ನು ಖಾಸಗಿಯಿಂದ ಶುರು ಮಾಡಿದರೆ ಸುತ್ತಿ ಬಳಸಿ ಮತ್ತೆ ಸರ್ಕಾರಿ ಆಸ್ಪತ್ರೆಯ ಬಾಗಿಲಿಗೇ ಬಂದು ನಿಲ್ಲುತ್ತಾರೆ.

ಓಟಿ_ಸಿಸ್ಟರ್:
ಬಾಳೆಲೆಯವರಿಗೆ ಹತ್ತಿರದ್ದು ವಿರಾಜಪೇಟೆಯ ಸಾರ್ವಜನಿಕ ಆಸ್ಪತ್ರೆ. ಅಲ್ಲಿ ಕೇಳಬೇಕಾದದ್ದು "ಸರ್ಜನ್ ಇದ್ದಾರಾ" ಅಂತ ಒಂದೇ ಅಲ್ಲ. ಅರಿವಳಿಕೆ ಡಾಕ್ಟರ್ ಯಾವ ದಿನ ಇರುತ್ತಾರೆ, ಲ್ಯಾಪ್ರೋಸ್ಕೋಪಿ ಸೆಟ್ ನಡೆಯುತ್ತಿದೆಯಾ, ರಕ್ತ ಬೇಕಾದರೆ ಎಲ್ಲಿಂದ ತರಿಸುತ್ತಾರೆ, ಈ ಮೂರನ್ನೂ ಕೇಳಿ. ತಾಲೂಕು ಮಟ್ಟದಲ್ಲಿ ಆಪರೇಷನ್ ನಿಲ್ಲುವುದು ಸಾಮಾನ್ಯವಾಗಿ ಸರ್ಜನ್ ಇಲ್ಲದ್ದಕ್ಕಲ್ಲ, ಅರಿವಳಿಕೆ ಡಾಕ್ಟರ್ ಬೇರೆ ಕಡೆ ಡ್ಯೂಟಿಯಲ್ಲಿದ್ದದ್ದಕ್ಕೆ. ಹರ್ನಿಯಾ, ಹೈಡ್ರೋಸೀಲ್, ಅಪೆಂಡಿಕ್ಸ್, ಮೂಲವ್ಯಾಧಿ, ಚರ್ಮದ ಕೆಳಗಿನ ಗಡ್ಡೆ ಇಂಥವಕ್ಕೆ ತಾಲೂಕು ಆಸ್ಪತ್ರೆಯಲ್ಲೇ ಮೊದಲು ಕೇಳಿ.

ಪಿತ್ತಕೋಶಕ್ಕೆ ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗುವುದು ಒಳ್ಳೆಯದು. ಮೆಡಿಕಲ್ ಕಾಲೇಜುಗಳಲ್ಲಿ ಸರ್ಜರಿ ವಿಭಾಗ ಯೂನಿಟ್ ಆಗಿ ಹಂಚಿಹೋಗಿರುತ್ತದೆ. ಪ್ರತಿ ಯೂನಿಟ್‌ಗೆ ಓಪಿಡಿ ದಿನ ಬೇರೆ, ಆಪರೇಷನ್ ದಿನ ಬೇರೆ. ಮೊದಲ ಚೀಟಿಯ ಮೇಲೆ ಯೂನಿಟ್ ಯಾವುದು ಅಂತ ಬರೆದಿರುತ್ತಾರೆ. ಮುಂದಿನ ಸಲ ಅದೇ ಯೂನಿಟ್‌ನ ದಿನವೇ ಹೋಗಿ. ಬಿಡುವಾಯಿತು ಅಂತ ಬೇರೆ ದಿನ ಹೋದರೆ ಹೊಸ ಡಾಕ್ಟರ್ ಮೊದಲಿನಿಂದ ನೋಡುತ್ತಾರೆ, ಟೆಸ್ಟ್ ಮತ್ತೆ ಬರೆಯುತ್ತಾರೆ, ಆಪರೇಷನ್ ದಿನ ಮುಂದಕ್ಕೆ ಹೋಗುತ್ತದೆ.

ಜೊತೆಗೆ ಲಿವರ್ ಟೆಸ್ಟ್ ರಿಪೋರ್ಟ್ ನೋಡಿ. ಬಿಲಿರುಬಿನ್ ಹೆಚ್ಚಿದ್ದರೆ, ಅಥವಾ ಸ್ಕ್ಯಾನಿಂಗ್‌ನಲ್ಲಿ ಪಿತ್ತನಾಳ ಅಗಲವಾಗಿದೆ ಅಂತ ಬರೆದಿದ್ದರೆ, ಕಲ್ಲು ನಾಳಕ್ಕೆ ಜಾರಿರಬಹುದು. ಆಗ ಪಿತ್ತನಾಳ ನೋಡುವ ಎಂಆರ್‌ಸಿಪಿ ಸ್ಕ್ಯಾನ್, ಬೇಕಾದರೆ ಬಾಯಿಯ ಮೂಲಕ ಕೊಳವೆ ಇಳಿಸಿ ನಾಳದ ಕಲ್ಲು ತೆಗೆಯುವ ಇಆರ್‌ಸಿಪಿ ಮಾಡಬೇಕಾಗುತ್ತದೆ. ಅದು ಗ್ಯಾಸ್ಟ್ರೋಎಂಟರಾಲಜಿಯವರ ಕೆಲಸ, ಜನರಲ್ ಸರ್ಜನ್ ಒಬ್ಬರಿಂದ ಮುಗಿಯುವುದಿಲ್ಲ. ಮೈಸೂರು, ಮಂಗಳೂರಿಗೆ ರೆಫರಲ್ ಬರೆಯಿಸಿಕೊಳ್ಳಬೇಕಾದದ್ದು ಅಂಥ ಹೊತ್ತಿನಲ್ಲಿ.

ಬಾಳೆಲೆ_ಹುಡುಗ:
ಸಿಸ್ಟರ್, ಮಡಿಕೇರಿಯಲ್ಲಿ ತುಂಬಾ ದಿನ ಕಾಯಬೇಕು ಅಂದರೆ ಮೈಸೂರು ಕೆ.ಆರ್. ಆಸ್ಪತ್ರೆಗೆ ಹೋಗಬಹುದಾ? ಅದಕ್ಕೂ ಇಲ್ಲಿಂದ ಪತ್ರ ಬೇಕಾ?

ಓಟಿ_ಸಿಸ್ಟರ್:
ಸರ್ಕಾರಿಯಿಂದ ಸರ್ಕಾರಿಗೆ ಹೋಗಲು ಪತ್ರ ಬೇಕಿಲ್ಲ, ನೇರವಾಗಿ ಹೋಗಬಹುದು. ಕೆ.ಆರ್. ಆಸ್ಪತ್ರೆ ಮೈಸೂರು ಮೆಡಿಕಲ್ ಕಾಲೇಜಿನದು, ಮಂಗಳೂರು ಕಡೆ ಹೋಗುವವರಿಗೆ ವೆನ್ಲಾಕ್ ಇದೆ. ಆದರೂ ಇಲ್ಲಿಯ ಚೀಟಿ, ಸ್ಕ್ಯಾನಿಂಗ್ ರಿಪೋರ್ಟ್ ಎಲ್ಲಾ ತೆಗೆದುಕೊಂಡು ಹೋಗಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಟೆಸ್ಟ್‌ಗೆ ಒಮ್ಮೆ, ಅರಿವಳಿಕೆ ತಪಾಸಣೆಗೆ ಒಮ್ಮೆ, ದಾಖಲಾತಿಗೆ ಒಮ್ಮೆ, ಆಮೇಲೆ ಹೊಲಿಗೆ ನೋಡಿಸಲು ಒಮ್ಮೆ ಅಂತ ಹೋಗಿಬರುವ ಖರ್ಚನ್ನೂ ಲೆಕ್ಕ ಹಾಕಿ. ಮಡಿಕೇರಿಯಲ್ಲಿ ಸ್ವಲ್ಪ ಕಾಯುವುದೇ ಹಗುರ ಅನಿಸಬಹುದು. ಕಕ್ಕಡದ ಮಳೆಯಲ್ಲಿ ಘಾಟಿ ರಸ್ತೆಯನ್ನು ನಂಬಿ ದಿನ ಇಟ್ಟುಕೊಳ್ಳಬೇಡಿ ಅಂತ ಬೇರೆ ಹೇಳಬೇಕಿಲ್ಲ.

ನಾಪೋಕ್ಲು_ಬೆಳೆಗಾರ:
ನಮ್ಮಂಥ ಎಪಿಎಲ್‌ನವರಿಗೆ ಏನಿದೆ? ಎರಡೂವರೆ ಎಕರೆ ಕಾಫಿ ಇಟ್ಟುಕೊಂಡವನೂ ಎಪಿಎಲ್, ನೂರು ಎಕರೆಯವನೂ ಎಪಿಎಲ್.

ಡೆಸ್ಕ್_ಮಡಿಕೇರಿ:
ಎಪಿಎಲ್‌ಗೂ ಕಾರ್ಡ್ ಇದೆ ಸರ್, ಆದರೆ ಪೂರ್ತಿ ಉಚಿತವಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ಮೊತ್ತದ, ಶೇ. 30 ಮಾತ್ರ, ಅದೂ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದ ಮಿತಿ. ಲೆಕ್ಕಕ್ಕೆ ಒಂದು ಪ್ಯಾಕೇಜ್ 20,000 ಅಂತ ಹಿಡಿಯಿರಿ. ಸರ್ಕಾರದ್ದು 6,000, ನಿಮ್ಮ ಕೈಯಿಂದ 14,000. ಇಲ್ಲಿ ಗಮನಿಸಬೇಕಾದದ್ದು, ಆ ಶೇ. 30 ಪ್ಯಾಕೇಜ್ ದರದ ಮೇಲೆ, ಆಸ್ಪತ್ರೆ ತನ್ನದೇ ದರದಲ್ಲಿ ಬರೆದ ಬಿಲ್ಲಿನ ಮೇಲಲ್ಲ. ಸೇರುವ ಮೊದಲೇ ಪ್ಯಾಕೇಜ್ ಮೊತ್ತವನ್ನು ಡೆಸ್ಕ್‌ನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಸಹಕಾರ_ಪೊನ್ನಂಪೇಟೆ:
ನಾಪೋಕ್ಲು ಅಣ್ಣನವರೇ, ಸಣ್ಣ ಬೆಳೆಗಾರರಿಗೆ ಆ ಶೇ. 30ಕ್ಕಿಂತ ಸಹಕಾರ ಸಂಘದ ಸದಸ್ಯರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆಯೇ ಲೇಸು ಅನ್ನುವುದು ನನ್ನ ಅಭಿಪ್ರಾಯ. 2018ರಲ್ಲಿ ನಿಂತುಹೋಗಿದ್ದನ್ನು ಮತ್ತೆ ಶುರು ಮಾಡಿದರು. 2022ರ ನವೆಂಬರ್‌ನಲ್ಲಿ ನೋಂದಣಿ, 2023ರ ಜನವರಿಯಿಂದ ಚಿಕಿತ್ಸೆ. ಗ್ರಾಮೀಣ ಸಹಕಾರ ಸಂಘದ ಸದಸ್ಯರಾದರೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಾಲ್ಕಕ್ಕಿಂತ ಹೆಚ್ಚಿದ್ದರೆ ಹೆಚ್ಚುವರಿ ತಲೆಗೆ 100. ಪಟ್ಟಣದ ಸಂಘವಾದರೆ 1,000 ಮತ್ತು 200. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆಯನ್ನು ಸರ್ಕಾರವೇ ಕಟ್ಟುತ್ತದೆ. ವರ್ಷಕ್ಕೆ 5 ಲಕ್ಷದವರೆಗೆ, ಜನರಲ್ ವಾರ್ಡ್.

ಇದರಲ್ಲಿ ಎಡವಟ್ಟು ಆಗುವುದು ಎರಡು ಕಡೆ. ಹೊಟ್ಟೆ ನೋವು ಬಂದ ಮೇಲೆ ಸಂಘಕ್ಕೆ ಓಡಿ ಬಂದರೆ ಪ್ರಯೋಜನವಿಲ್ಲ. ಮೊದಲೇ ಸದಸ್ಯರಾಗಿರಬೇಕು, ನೋಂದಣಿಯೂ ವರ್ಷಕ್ಕೊಮ್ಮೆ ತೆರೆಯುವ ಅವಧಿಯಲ್ಲೇ ಆಗಬೇಕು. ಇನ್ನೊಂದು, ನವೀಕರಣ ಮರೆಯುವುದು. ಹೋದ ವರ್ಷದ ಕಾರ್ಡ್ ಗಟ್ಟಿಯಾಗಿ ಲ್ಯಾಮಿನೇಟ್ ಮಾಡಿಸಿ ಇಟ್ಟಿರುತ್ತಾರೆ, ಈ ವರ್ಷದ ವಂತಿಗೆ ಕಟ್ಟಿರುವುದಿಲ್ಲ. ರಸೀದಿ ನೋಡಿಕೊಳ್ಳಿ. ಸೊಸೆ, ಮೊಮ್ಮಕ್ಕಳ ಹೆಸರು ಅದರಲ್ಲಿ ಬಂದಿದೆಯಾ ಅಂತಲೂ ನೋಡಿ, ಹೆಸರಿಲ್ಲದವರಿಗೆ ಸೌಲಭ್ಯವಿಲ್ಲ. ಯಶಸ್ವಿನಿಯ ಆಸ್ಪತ್ರೆ ಪಟ್ಟಿ ಆಯುಷ್ಮಾನ್ ಪಟ್ಟಿಯಲ್ಲ, ಎರಡೂ ಬೇರೆ ಬೇರೆ. ಸಂಘದಲ್ಲಿ ಕೇಳಿದರೆ ತಿಳಿಸುತ್ತಾರೆ.

ಮಾಜಿ_ಸುಬೇದಾರ್:
ಕೊಡಗಿನಲ್ಲಿ ಮನೆಗೊಬ್ಬರಂತೆ ಮಾಜಿ ಸೈನಿಕರಿದ್ದಾರೆ, ಅವರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಬಗ್ಗೆ ಯಾರೂ ಎತ್ತಲಿಲ್ಲ. ಇಸಿಎಚ್‌ಎಸ್ ಕಾರ್ಡ್ ಇರುವವರು ಆಯುಷ್ಮಾನ್ ಹಿಂದೆ ಓಡಬೇಕಿಲ್ಲ. ಮಡಿಕೇರಿಯ ಪಾಲಿಕ್ಲಿನಿಕ್‌ನಲ್ಲಿ ತೋರಿಸಿ, ಅಲ್ಲಿಂದ ಸರ್ಜರಿಗೆ ರೆಫರಲ್ ಹಾಕಿಸಿಕೊಂಡು, ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ರೆಫರಲ್‌ನಲ್ಲಿ ಕನ್ಸಲ್ಟೇಷನ್ ಮಾತ್ರವೋ, ಟೆಸ್ಟ್ ಮತ್ತು ದಾಖಲಾತಿಯೂ ಸೇರಿದೆಯೋ ಅಂತ ಕೌಂಟರ್ ಬಿಡುವ ಮುಂಚೆ ಓದಿಕೊಳ್ಳಿ. ಕನ್ಸಲ್ಟೇಷನ್ ಅಂತಷ್ಟೇ ಇದ್ದರೆ ಅಲ್ಲಿಯ ಸರ್ಜನ್ ಆಪರೇಷನ್‌ಗೆ ಬರೆದ ಚೀಟಿ ಹಿಡಿದು ಮತ್ತೆ ಮಡಿಕೇರಿಗೆ ಬರಬೇಕಾಗುತ್ತದೆ.

ತುರ್ತಾಗಿ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಿ. ಇದರಲ್ಲಿ ಬಿಲ್ ವಾಪಸ್ ಪಡೆಯುವ ದಾರಿ ಇದೆ, ಆದರೆ ನಿಗದಿತ ದರಕ್ಕೆ ಮಾತ್ರ. ಹೆಚ್ಚುವರಿ ಕೈಯಿಂದಲೇ.

ಸುಂಟಿಕೊಪ್ಪ_ರೈಟರ್:
ತೋಟದ ಲೈನ್ ಮನೆಯ ಕಾರ್ಮಿಕರ ಬಗ್ಗೆ ಹೇಳಿ. ಅಸ್ಸಾಂನಿಂದ ಬಂದವರಿಗೆ ಇಲ್ಲಿಯ ರೇಷನ್ ಕಾರ್ಡ್ ಇಲ್ಲ. ಹರ್ನಿಯಾ ಅಂತ ಒಬ್ಬರನ್ನು ಕರೆದುಕೊಂಡು ಹೋಗಬೇಕು.

ಡೆಸ್ಕ್_ಮಡಿಕೇರಿ:
ಅವರ ಊರಿನಲ್ಲಿ ಮಾಡಿಸಿದ ಪಿಎಂಜೆಎವೈ ಕಾರ್ಡ್ ಇದ್ದರೆ ಇಲ್ಲಿಯೂ ಪೋರ್ಟಬಿಲಿಟಿಯಲ್ಲಿ, ಅಂದರೆ ಒಂದು ರಾಜ್ಯದ ಕಾರ್ಡನ್ನು ಇನ್ನೊಂದರಲ್ಲಿ ಬಳಸುವ ಸೌಲಭ್ಯದಲ್ಲಿ, ನಡೆಯುತ್ತದೆ. ಕಾರ್ಡ್ ಊರಲ್ಲೇ ಬಿಟ್ಟು ಬಂದಿದ್ದರೆ ಆಯುಷ್ಮಾನ್ ಆ್ಯಪ್‌ನಲ್ಲಿ ಅವರ ರಾಜ್ಯ ಆರಿಸಿ ಆಧಾರ್ ನಂಬರ್ ಹಾಕಿ ಹುಡುಕಿ. ಹೆಸರಿದ್ದರೆ ಡೌನ್‌ಲೋಡ್ ಆಗುತ್ತದೆ, ಆದರೆ ಓಟಿಪಿ ಬರುವ ಮೊಬೈಲ್ ನಂಬರ್ ಚಾಲ್ತಿಯಲ್ಲಿರಬೇಕು. ಊರಿನ ಸಿಮ್ ಬಿಸಾಡಿ ಇಲ್ಲಿ ಹೊಸದು ಹಾಕಿಸಿಕೊಂಡಿರುತ್ತಾರೆ, ಕೆಲಸ ಕೆಡುವುದು ಅಲ್ಲಿ. ಹಾಗಾದರೆ ಮೊದಲು ಆಧಾರ್ ಕೇಂದ್ರದಲ್ಲಿ ನಂಬರ್ ಬದಲಿಸಿ. ಪೋರ್ಟಬಿಲಿಟಿ ಕೇಸ್‌ಗೆ ಆ ರಾಜ್ಯದಿಂದಲೂ ಒಪ್ಪಿಗೆ ಬರಬೇಕಾದ್ದರಿಂದ ತುಸು ತಡವಾಗಬಹುದು. ಹರ್ನಿಯಾ ತುರ್ತಲ್ಲದಿದ್ದರೆ ಆಪರೇಷನ್ ದಿನಕ್ಕಿಂತ ಮೊದಲೇ ಕಾಗದ ಕೊಡಿ.

ವಿರಾಜಪೇಟೆ ಕಡೆಯವರು ಮಾಕುಟ್ಟ ದಾಟಿ ಕಣ್ಣೂರಿಗೆ ಹೋಗುವುದೂ ಇದೇ ಪೋರ್ಟಬಿಲಿಟಿ ಲೆಕ್ಕಕ್ಕೆ ಬರುತ್ತದೆ. ಗಡಿ ದಾಟುವ ಮುಂಚೆ ಅಲ್ಲಿಯ ಆಸ್ಪತ್ರೆ ಡೆಸ್ಕ್‌ಗೆ ಕಾರ್ಡ್ ನಂಬರ್ ಕಳಿಸಿ, ಅವರ ಸಿಸ್ಟಮ್‌ನಲ್ಲಿ ತೆರೆಯುತ್ತದಾ ಅಂತ ಕೇಳಿಕೊಂಡೇ ಹೊರಡಿ.

ಗ್ರಾಮಒನ್_ಕುಶಾಲನಗರ:
ಕಾಗದದ ಕಡೆಯದ್ದು ನಾನು ಹೇಳುತ್ತೇನೆ. ಕೊಡಗಿನಲ್ಲಿ ಹೆಚ್ಚು ಕೇಸ್ ಸಿಕ್ಕಿಕೊಳ್ಳುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಮನೆ ಹೆಸರು ಪೂರ್ತಿ ಮುಂದೆ ಬಂದಿರುತ್ತದೆ, ರೇಷನ್ ಕಾರ್ಡ್‌ನಲ್ಲಿ ಅದೇ ಇನಿಷಿಯಲ್ ಆಗಿ ಕುಗ್ಗಿರುತ್ತದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಹೆಸರಿನ ಹಿಂದಕ್ಕೆ ಹೋಗಿರುತ್ತದೆ. ಮದುವೆಯಾಗಿ ಬಂದ ಹೆಣ್ಣುಮಕ್ಕಳದ್ದು ಆಧಾರ್‌ನಲ್ಲಿ ತವರಿನ ಮನೆ ಹೆಸರು, ರೇಷನ್ ಕಾರ್ಡ್‌ನಲ್ಲಿ ಗಂಡನ ಮನೆಯದು. ಸಿಸ್ಟಮ್ ಎರಡನ್ನೂ ಹೋಲಿಸಿ ಅಂಕ ಕೊಡುತ್ತದೆ. ಅಂಕ ಕಡಿಮೆ ಬಂದರೆ ಕಾರ್ಡ್ ತಾನಾಗಿ ಆಗುವುದಿಲ್ಲ, ಮೇಲಿನವರ ಒಪ್ಪಿಗೆಗೆ ಹೋಗಿ ಕೂರುತ್ತದೆ. ರೇಷನ್ ಕಾರ್ಡ್‌ನಲ್ಲಿ ಇ-ಕೆವೈಸಿ ಆಗಿರಬೇಕು, ಆ ಸದಸ್ಯರ ಹೆಸರೂ ಇರಬೇಕು. ಬಿಪಿಎಲ್ ಆಗಿದ್ದದ್ದು ಪರಿಶೀಲನೆಯಲ್ಲಿ ಎಪಿಎಲ್‌ಗೆ ಹೋಗಿರಬಹುದು. ಆಹಾರ ಇಲಾಖೆಯ ಜಾಲತಾಣದಲ್ಲಿ ರೇಷನ್ ಕಾರ್ಡ್ ನಂಬರ್ ಹಾಕಿ ಆಪರೇಷನ್‌ಗೆ ಮುಂಚೆ ಒಮ್ಮೆ ನೋಡಿಬಿಡಿ.

ಇನ್ನು ಬೆರಳಚ್ಚು. ಕಾಫಿ ಕುಯ್ದು, ಕರಿಮೆಣಸು ಬಿಡಿಸಿ, ಕತ್ತಿ ಹಿಡಿದು ಹೆಬ್ಬೆಟ್ಟಿನ ಗೆರೆ ಸವೆದಿರುತ್ತದೆ. ಮೆಷಿನ್ ಗಾಜಿನ ಮೇಲೆ ಕೆಂಪು ದೀಪ ಹತ್ತಿ ಹತ್ತಿ ಆರುತ್ತದೆ, ಹಸಿರು ಬರುವುದೇ ಇಲ್ಲ. ಕೈ ತೊಳೆದು ಒರೆಸಿ, ಚೂರು ಎಣ್ಣೆ ಸವರಿ ಮತ್ತೆ ಒರೆಸಿ, ಹೆಬ್ಬೆಟ್ಟು ಬಿಟ್ಟು ಉಂಗುರ ಬೆರಳು ಇಡಿಸಿ ನೋಡಿ. ಆಗದಿದ್ದರೆ ಮುಖ ಅಥವಾ ಓಟಿಪಿ ಮೂಲಕ ಮಾಡಿ ಅಂತ ಕೇಳಿ. ದಾಖಲಾಗುವಾಗಲೂ ಡಿಸ್ಚಾರ್ಜ್‌ನಲ್ಲೂ ಇದನ್ನು ಕೇಳುತ್ತಾರೆ, ಆದ್ದರಿಂದ ಆಧಾರ್‌ಗೆ ಕೊಟ್ಟ ಮೊಬೈಲ್ ರೋಗಿಯ ಹತ್ತಿರವೇ ಇರಲಿ, ತೋಟಕ್ಕೆ ಹೋದ ಮಗನ ಜೇಬಿನಲ್ಲಲ್ಲ.

ಓಟಿ_ಸಿಸ್ಟರ್:
ಟೆಸ್ಟ್ ಪಟ್ಟಿ ಕೇಳುತ್ತಾರೆ, ಬರೆದುಬಿಡುತ್ತೇನೆ: ರಕ್ತದ ಎಣಿಕೆ, ಸಕ್ಕರೆ, ಕ್ರಿಯಾಟಿನಿನ್, ಎಚ್‌ಐವಿ ಮತ್ತು ಹೆಪಟೈಟಿಸ್, ರಕ್ತದ ಗುಂಪು, ಇಸಿಜಿ, ಎದೆಯ ಎಕ್ಸ್‌ರೇ, ಸ್ಕ್ಯಾನಿಂಗ್. ಪಿತ್ತಕೋಶಕ್ಕೆ ಲಿವರ್ ಟೆಸ್ಟ್ ಕೂಡ. ಹೊರಗಡೆ ಲ್ಯಾಬ್‌ನಲ್ಲಿ ಹಣ ಕೊಟ್ಟು ಮುಂಚಿತವಾಗಿ ಎಲ್ಲಾ ಮಾಡಿಸಬೇಡಿ. ದಾಖಲಾಗುವ ಹಿಂದಿನ ಮೂರು ದಿನದ ಟೆಸ್ಟ್, ಔಷಧಿ ಪ್ಯಾಕೇಜಿನೊಳಗೇ ಬರುತ್ತದೆ.

ರಕ್ತ ತೆಳು ಮಾಡುವ ಮಾತ್ರೆ, ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಮೊದಲ ದಿನವೇ ಹೇಳಿ. ಕ್ಲೋಪಿಡೋಗ್ರೆಲ್ ಆದರೆ ಸಾಮಾನ್ಯವಾಗಿ 5ರಿಂದ 7 ದಿನ ಮೊದಲು ನಿಲ್ಲಿಸಲು ಹೇಳುತ್ತಾರೆ, ಆದರೆ ಸ್ಟೆಂಟ್ ಹಾಕಿಸಿಕೊಂಡವರು ಹೃದಯದ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಆಪರೇಷನ್ ಟೇಬಲ್ ಹತ್ತಿರ ಬಂದು ಇದನ್ನು ಹೇಳಿದರೆ ಅವತ್ತಿನದ್ದು ರದ್ದು. ಅನ್ನ, ರೊಟ್ಟಿ ಇಂಥ ಗಟ್ಟಿ ಆಹಾರ 6 ಗಂಟೆ ಮೊದಲು ನಿಲ್ಲಬೇಕು, ಬರೀ ನೀರು 2 ಗಂಟೆ ಮೊದಲು. ಹಾಲು ಹಾಕಿದ ಕಾಫಿ ಕೂಡ ಗಟ್ಟಿ ಆಹಾರದ ಲೆಕ್ಕವೇ.

ನಾಪೋಕ್ಲು_ಬೆಳೆಗಾರ:
ನೋವು ರಾತ್ರಿ ಜೋರಾದರೆ? ಆಗಲೂ ಸರ್ಕಾರಿ, ರೆಫರಲ್ ಅಂತ ಸುತ್ತಬೇಕಾ?

ಓಟಿ_ಸಿಸ್ಟರ್:
ಬೇಡ. 108ಕ್ಕೆ ಫೋನ್ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ. ಹರ್ನಿಯಾದ ಉಬ್ಬು ಒಳಗೆ ಹೋಗದೆ ಕಲ್ಲಿನಂತಾಗಿ, ನೋವಿನ ಜೊತೆ ವಾಂತಿಯಾದರೆ ಕರುಳು ಸಿಕ್ಕಿಕೊಂಡಿದೆ ಅಂತ ಅರ್ಥ, ಕೆಲವೇ ಗಂಟೆಯಲ್ಲಿ ಕೆಡುತ್ತದೆ. ಪಿತ್ತಕೋಶದ ನೋವಿನ ಜೊತೆ ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ ಕಾಯಬಾರದು. ಹೊಕ್ಕಳ ಸುತ್ತ ಶುರುವಾದ ನೋವು ಹೊಟ್ಟೆಯ ಬಲಭಾಗದ ಕೆಳಗೆ ಇಳಿದು ನಿಂತರೆ ಅಪೆಂಡಿಕ್ಸ್ ಇರಬಹುದು. ಇಂಥ ಹೊತ್ತಿನಲ್ಲಿ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋದರೂ ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮೊದಲು ದಾಖಲು ಮಾಡಿ ಆಮೇಲೆ ಒಪ್ಪಿಗೆ ಪಡೆಯಬಹುದು. ಕಾರ್ಡ್ ಇದೆ ಅಂತ ಸೇರಿಸುವಾಗಲೇ ಹೇಳಬೇಕು. ನಗದು ರೋಗಿ ಅಂತ ದಾಖಲಾಗಿ, ಮೂರನೇ ದಿನ ಬಿಲ್ ನೋಡಿ ಕಾರ್ಡ್ ತೆಗೆದರೆ ಯಾರಿಗೂ ಏನೂ ಮಾಡಲು ಬರುವುದಿಲ್ಲ.

ಕಿಡ್ನಿ ಕಲ್ಲನ್ನು ಜನರಲ್ ಸರ್ಜರಿ ಅಂತ ಹುಡುಕಿ ಬರುವವರಿದ್ದಾರೆ. ಅದು ಯುರಾಲಜಿ. ಗರ್ಭಕೋಶದ್ದು ಸ್ತ್ರೀರೋಗ ವಿಭಾಗ.

ಪಾಲಿಬೆಟ್ಟ_ಅಕ್ಕ:
ಕಾರ್ಡ್ ಇದ್ದರೂ "ಮೆಶ್‌ಗೆ ಬೇರೆ ದುಡ್ಡು, ಒಳ್ಳೆಯ ಕಂಪನಿಯದ್ದು ಹಾಕುತ್ತೇವೆ" ಅಂತ ಕೇಳುವ ಆಸ್ಪತ್ರೆಗಳಿವೆಯಲ್ಲ. ಅದಕ್ಕೇನು ಮಾಡುವುದು?

ಡೆಸ್ಕ್_ಮಡಿಕೇರಿ:
ಹರ್ನಿಯಾಗೆ ಹಾಕುವ ಮೆಶ್ (ಬಲೆಯಂಥ ಜಾಲರಿ), ಔಷಧಿ, ಅರಿವಳಿಕೆ, ಬೆಡ್, ಊಟ ಎಲ್ಲಾ ಪ್ಯಾಕೇಜಿನೊಳಗೇ. ಬಿಪಿಎಲ್ ರೋಗಿಯಿಂದ ಕಾಸೂ ತೆಗೆದುಕೊಳ್ಳುವಂತಿಲ್ಲ. ಕೇಳಿದರೆ ಜಗಳವಾಡಬೇಡಿ, "ರಸೀದಿ ಕೊಡಿ" ಅನ್ನಿ. ಅರ್ಧ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಬಿಡದಿದ್ದರೆ ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕ್ಕಿರುವ ಆರೋಗ್ಯ ಮಿತ್ರರಿಗೆ ಹೇಳಿ, 14555ಕ್ಕೆ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಸಮಿತಿಯೂ ಇದೆ. ಡಿಸ್ಚಾರ್ಜ್ ಆಗುವ ಮುಂಚೆ ದೂರು ಕೊಟ್ಟರೆ ತಕ್ಷಣ ಕೆಲಸವಾಗುತ್ತದೆ, ಮನೆಗೆ ಬಂದ ಮೇಲೆ ಕೊಟ್ಟದ್ದು ಎಳೆದಾಡುತ್ತದೆ.

"ಬೆಡ್ ಇಲ್ಲ" ಅಂತ ಖಾಸಗಿಯವರು ಹೇಳುವುದಕ್ಕೂ ಕಾರಣವಿದೆ. ಪ್ಯಾಕೇಜ್ ದರ ಅವರ ದರಕ್ಕಿಂತ ಕಡಿಮೆ, ಹಣ ಬರುವುದೂ ನಿಧಾನ. ಅವರನ್ನು ಬೈದು ಉಪಯೋಗವಿಲ್ಲ, ಪಟ್ಟಿಯಲ್ಲಿರುವ ಇನ್ನೊಂದು ಆಸ್ಪತ್ರೆ ನೋಡಿ.

ಬಾಳೆಲೆ_ಹುಡುಗ:
ಎಲ್ಲರಿಗೂ ವಂದನೆ. ಆಪರೇಷನ್ ಆದ ಮೇಲೆ ಹೊಲಿಗೆ ತೆಗೆಸಲು ಮತ್ತೆ ಮಡಿಕೇರಿಗೇ ಹೋಗಬೇಕಾ? ಅಮ್ಮ ಪುತ್ತರಿ ಕಳೆದು ಕಾಫಿ ಕುಯ್ಲಿಗೆ ಹೋಗುತ್ತೇನೆ ಅಂತಿದ್ದಾರೆ.

ಓಟಿ_ಸಿಸ್ಟರ್:
ಹೊಲಿಗೆಯನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ತೆಗೆಯುತ್ತಾರೆ, ಡಿಸ್ಚಾರ್ಜ್ ಸಮ್ಮರಿಯ ಜೆರಾಕ್ಸ್ ಒಯ್ಯಿರಿ. ಆದರೆ ಬಯಾಪ್ಸಿ ರಿಪೋರ್ಟ್ ತೆಗೆದುಕೊಳ್ಳಲು ಯೂನಿಟ್‌ಗೆ ಹೋಗಲೇಬೇಕು, ತೆಗೆದ ಪಿತ್ತಕೋಶವನ್ನು ಪರೀಕ್ಷೆಗೆ ಕಳಿಸುತ್ತಾರೆ. ಡಿಸ್ಚಾರ್ಜ್ ನಂತರ 15 ದಿನದ ಔಷಧಿ ಪ್ಯಾಕೇಜಿನಲ್ಲೇ ಬರುತ್ತದೆ, ಅದನ್ನು ಕೇಳಿ ಪಡೆಯಿರಿ. ಲ್ಯಾಪ್ರೋಸ್ಕೋಪಿಯಾದರೆ ಒಂದೆರಡು ವಾರದಲ್ಲಿ ಮನೆಕೆಲಸ ಮಾಡಬಹುದು. ಕುಯ್ದ ಹಣ್ಣಿನ ಚೀಲ ಹೊರುವುದು, ಏಣಿ ಹತ್ತುವುದು ಮಾತ್ರ ಡಾಕ್ಟರ್ ಒಪ್ಪುವ ತನಕ ಬೇಡ. ಹೊಟ್ಟೆ ಕುಯ್ದು ಮಾಡಿದ್ದಾದರೆ ಆರು ವಾರ ಭಾರ ಎತ್ತಬಾರದು. ಈ ವರ್ಷದ ಕುಯ್ಲಿಗೆ ಅಮ್ಮನ ಲೆಕ್ಕ ಬಿಟ್ಟು ಆಳು ನೋಡಿಕೊಳ್ಳಿ.